ಬೇಡವೆಂದ ಸಕ್ಕರೆ

೧೧ ಫೆಬ್ರವರಿ ೧೯೫೧, ರವಿವಾರ. ಕಲಬುರ್ಗಿ.

ಕಮಲಾಪುರಕ್ಕೆ ಹೆಣ್ಣು ನೋಡಲು ಹೋಗಿ ಕೆಲಸ ಕೆಡಿಸಿ ಬಂದೆ.

ಪೊಲೀಸ್ ಕಾರ್ಯಾಚರಣೆಯ ವರ್ಷ ಅಂಟಿದ ಹೊಟ್ಟೆನೋವಿಗೆ ವೈದ್ಯರು ಕಟ್ಟುನಿಟ್ಟಿನ ಪಥ್ಯ ಹೇಳಿದ್ದಾರೆ. ಮೊಳಕೆಕಾಳು, ಹಣ್ಣು, ಹಸಿ ಸೊಪ್ಪು ಮಾತ್ರ. ಉಪ್ಪು, ಸಕ್ಕರೆ, ಚಹಾ ಮುಟ್ಟುವಂತಿಲ್ಲ. ಈಗೀಗ ನೋವಿಲ್ಲದೆ ನಿದ್ದೆ ಬರುತ್ತಿದೆ, ಮುರಿಯಲು ಹೆದರಿಕೆ.

ಹುಡುಗಿ ಕಸ್ತೂರಿಬಾಯಿ. ನಾನು ಬಾಗಿದಾಗ ಜೇಬಿನಿಂದ ಮೊಳಕೆಕಾಳು ಉದುರಿದ್ದನ್ನು ಕಂಡು ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ನನ್ನ ಮನಸ್ಸು ಆಗಲೇ ಒಪ್ಪಿತ್ತು.

ಅವಳ ತಾಯಿ ಗುಂಡಮ್ಮ ಸಕ್ಕರೆ ಹಿಡಿದರು. "ತಗೋರಿ, ಬಾಯಿ ಸಿಹಿ ಮಾಡ್ಕೋರಿ."

"ಬ್ಯಾಡ್ರೀ" ಎಂದೆ. ಪಥ್ಯವೆಂದು ಹೇಳಲು ನಾಚಿಕೆಯಾಯಿತು. ಕಸ್ತೂರಿಬಾಯಿ ಎದ್ದು ಒಳಗೆ ಹೋದಳು.

ಮರಳುವಾಗ ಮೋಟಾರಿನಲ್ಲಿ, ನನ್ನ ಜೊತೆ ಬಂದಿದ್ದ ಮಾಪಣ್ಣ ಕಾಕಾ ಕೇಳಿದರು, "ಹುಡುಗಿದಾಗ ಏನ್ ಕಮ್ಮಿ ಕಂಡಿತೋ ನಿನಗ?"

"ಏನೂ ಇಲ್ಲ ಕಾಕಾ, ನನಗ ಪಸಂದ್ ಆಗ್ಯಾಳ."

"ಮತ್ತ ಸಕ್ರಿ ಯಾಕ ಒಲ್ಲೆ ಅಂದಿ? ಹೆಣ್ಣಿನ ಮನ್ಯಾಗ ಸಕ್ರಿ ಒಲ್ಲೆ ಅಂದ್ರ ಹುಡುಗಿ ಒಲ್ಲೆ ಅಂದಂಗ! ಬಿ.ಎ. ಓದಿ ಇಷ್ಟೂ ತಿಳೀಲಿಲ್ಲೇನ್ ಹುಚ್ಚಪ್ಪ? ನಾಳಿ ನೀನೇ ಹೋಗಿ ಹೇಳು. ನಾ ಬರೂದಿಲ್ಲ."

ಹೊಟ್ಟೆ ನೊಂದರೆ ನೋಯಲಿ, ಒಂದು ಚಿಟಿಕೆ ಸಕ್ಕರೆ ತಿಂದೇನು. ಆದರೆ ಅವಳು ಒಳಗೆ ಕೇಳಿಸಿಕೊಳ್ಳುತ್ತಿರುವಾಗ, ಒಬ್ಬನೇ ಅಂಗಳದಲ್ಲಿ ನಿಂತು, ಗುಂಡಮ್ಮನವರೇ, ನಿನ್ನೆ ನಾನು ಬೇಡವೆಂದದ್ದು ಸಕ್ಕರೆಯನ್ನು, ನಿಮ್ಮ ಮಗಳನ್ನಲ್ಲ ಎಂದು ಹೇಗೆ ಹೇಳಲಿ?