ದೀಪ ಕೆಂಪಾಗದ ಹಾಗೆ

ಜೂನ್ 3, ಮಂಗಳವಾರ

ಬೆಳಿಗ್ಗೆಯಿಂದ ಇದು ಮೂರನೇ ಆಂಪ್ಲಿಫೈಯರ್. ಶಾಲೆಯವರದು. ಮೈಕ್ ಹಾಕಿದರೆ ಗುಂಯ್ ಅನ್ನುತ್ತದೆ ಎಂದು ಕಳಿಸಿದ್ದರು. ಎರಡು ಕೆಪಾಸಿಟರ್ ಬದಲಿಸಿದೆ, ಬಾಯಿ ಮುಚ್ಚಿತು. ರಿಪೇರಿ ಕೆಲಸ ಅಂದರೆ ಇಷ್ಟೇ — ಎಲ್ಲಿಂದ ಕೂಗುತ್ತಿದೆ ಅಂತ ಗೊತ್ತಾದರೆ ಅರ್ಧ ಮುಗಿದ ಹಾಗೆ.

ಸಂಜೆ ಮೈದುನ ಬಂದು ಅಂಗಡಿ ಬಾಗಿಲಲ್ಲಿ ನಿಂತ. ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ. ಮನೆಯಲ್ಲಿ ಇವನು ಬಾಯಿ ತೆರೆಯುವುದು ಊಟಕ್ಕೆ ಮತ್ತು ಆಕಳಿಕೆಗೆ. ವಾರವೆಲ್ಲ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಾನೆ. ಭಾನುವಾರ ಊರಿನ ಹಾಲ್‌ನಲ್ಲಿ ಬ್ಯಾಂಡಿನ ಜೊತೆ ಗಿಟಾರ್. ಆಡಬೇಕಾದ ಮಾತೆಲ್ಲ ಅಲ್ಲೇ ಆಡಿ ಬರುತ್ತಾನೆ, ನಮಗೆ ಏನೂ ಉಳಿಯುವುದಿಲ್ಲ.

ಕೊನೆಗೆ ಹೇಳಿದ. ಹಾಲ್‌ನ ಗೋಡೆಗೆ ಹೊಸದೊಂದು ಪೆಟ್ಟಿಗೆ ಹಾಕಿದ್ದಾರಂತೆ. ಹಸಿರು, ಹಳದಿ, ಕೆಂಪು ದೀಪ. ಶಬ್ದ ಮಿತಿ ಮೀರಿದರೆ ಕೆಂಪು. ಕೆಂಪು ಐದು ಸೆಕೆಂಡ್ ನಿಂತರೆ ಸ್ಟೇಜಿನ ಕರೆಂಟ್ ತಾನಾಗಿಯೇ ಕಟ್. ಅಕ್ಕಪಕ್ಕದ ಮನೆಯವರು ದೂರು ಕೊಟ್ಟಿದ್ದರ ಫಲ. ಎರಡು ಭಾನುವಾರ ಕಟ್ ಆಗಿದೆ. ಎರಡು ಸಲವೂ ಇವನು ಒಬ್ಬನೇ ಬಾರಿಸುವ ಜಾಗದಲ್ಲಿ. ಬ್ಯಾಂಡಿನ ಹಾಡುಗಾರ ಹದಿನೈದನೇ ತಾರೀಕಿನವರೆಗೆ ಟೈಮ್ ಕೊಟ್ಟಿದ್ದಾನೆ. ಆಮೇಲೆ ಗಿಟಾರ್ ಬೇಡ, ಕೀಬೋರ್ಡಿನವನು ಸಾಕು ಅಂತ.

ಇವನ ಗಿಟಾರಿನ ಆಂಪ್ ನಾನೇ ಕೂತು ಕಟ್ಟಿಕೊಟ್ಟದ್ದು. ಆರು ವರ್ಷ ಆಯಿತು. ಅದನ್ನು ತೆಗೆದು ಮೂಲೆಗಿಡಿ ಅಂದರೆ ನನಗೇ ಅಂದ ಹಾಗೆ. ನಾನಿದ್ದೇನೆ, ಹೋಗಿ ಕೈಕಾಲು ತೊಳೆದುಕೋ ಎಂದೆ.

ಜೂನ್ 4, ಬುಧವಾರ

ನಮ್ಮ ಯಜಮಾನರಿಗೆ ಅರ್ಥ ಮಾಡಿಸುವಷ್ಟರಲ್ಲಿ ಸಾಕಾಯಿತು. ವಾಲ್ಯೂಮ್ ಕಮ್ಮಿ ಮಾಡಿದರೆ ಆಯಿತಲ್ಲ, ಅದಕ್ಕೇನು ಇಷ್ಟೊಂದು ಎಂದರು. ಬಸ್ ಓಡಿಸುವವರಿಗೆ ಎಲ್ಲವೂ ಬ್ರೇಕ್ ಮತ್ತು ಆಕ್ಸಿಲರೇಟರ್.

ಮೈದುನನದು ವಾಲ್ವ್ ಆಂಪ್, ಗಾಜಿನ ಬುರುಡೆಯದು. ಅದರ ಗುಣವೇ ಬೇರೆ. ವಾಲ್ಯೂಮ್ ಮೂರು, ನಾಲ್ಕಕ್ಕೆ ಇಟ್ಟರೆ ದನಿ ಶುದ್ಧ, ತಣ್ಣಗೆ. ಆರು ದಾಟಿತೋ, ದನಿ ಒಡೆಯುತ್ತದೆ. ಓವರ್‌ಡ್ರೈವ್ ಅಂತಾರೆ ಅದಕ್ಕೆ. ಆ ಒಡಕಿನಲ್ಲೇ ಇವನ ಗಿಟಾರ್ ಇರುವುದು. ಆದರೆ ಆರಕ್ಕೆ ಹೋಗುವ ಹೊತ್ತಿಗೆ ಹಾಲ್ ನಡುಗುತ್ತಿರುತ್ತದೆ, ದೀಪ ಕೆಂಪಾಗಿರುತ್ತದೆ. ಕಾಲಲ್ಲಿ ಒತ್ತುವ ಪೆಡಲ್ ಇಟ್ಟು, ಕಡಿಮೆ ವಾಲ್ಯೂಮಿನಲ್ಲೇ ಗೊರಗೊರ ಅನ್ನಿಸಬಹುದು. ಇವನಿಗೆ ಆಗದು. ಮೆಲ್ಲಗೆ ಮೀಟಿದರೂ ಅದೇ ಗೊರಗೊರ, ಕೈ ಮಾತು ಕೇಳುವುದಿಲ್ಲ ಅಂತಾನೆ. ಅವನು ಹೇಳುವುದು ಸರಿ.

ಹಾಗಾದರೆ ಮುಟ್ಟಬೇಕಾದದ್ದು ಆಂಪ್ ಅಲ್ಲ, ಸ್ಪೀಕರ್. ಈಗ ಇರುವುದು ನೂರು ಡೆಸಿಬೆಲ್‌ನದ್ದು. ಒಂದು ವ್ಯಾಟ್ ಕೊಟ್ಟರೆ ಊರಿಗೆಲ್ಲ ಸಾರುತ್ತದೆ. ಅದರ ಬದಲು ಸ್ವಲ್ಪ ಸೋಮಾರಿ ಸ್ಪೀಕರ್ ಹಾಕಿದರೆ ಆಂಪ್ ಆರು, ಏಳಕ್ಕೆ ಏರಿ ಒಡೆಯುತ್ತದೆ, ಹೊರಗೆ ಬರುವ ಶಬ್ದ ಮಾತ್ರ ಕಡಿಮೆ. ಆರು ಡೆಸಿಬೆಲ್ ಇಳಿದರೆ ಆಂಪ್‌ನ ಪವರ್ ಕಾಲು ಭಾಗ ಆದ ಹಾಗೆ. ಇವರು ತಲೆಯಾಡಿಸಿದರು. ಅರ್ಥವಾಗಿ ಅಲ್ಲ, ಹಸಿವಾಗಿ.

ಜೂನ್ 7, ಶನಿವಾರ

ಎರಡು ಸ್ಪೀಕರ್ ತಂದೆ. ಎರಡೂ ಹನ್ನೆರಡು ಇಂಚು, ಎಂಟು ಓಮ್ಸ್. ಹೆಸರು ಇಟ್ಟಿದ್ದೇನೆ, ಇಲ್ಲದಿದ್ದರೆ ನಂಬರ್ ಕಲಸಿ ಹೋಗುತ್ತದೆ. ಹಳೆಯದು ಬಾಯಿಬಡುಕ. ಹೊಸದರಲ್ಲಿ ತೆಳು ಕಾಗದದ ಕೋನಿನದು ಸಣ್ಣಕ್ಕ — ಇಪ್ಪತ್ತು ವ್ಯಾಟ್, ತೊಂಬತ್ತಾರು ಡೆಸಿಬೆಲ್. ದಪ್ಪ ಬೆನ್ನಿನದು ಮೊದ್ದ — ಐವತ್ತು ವ್ಯಾಟ್, ತೊಂಬತ್ತನಾಲ್ಕು.

ವಾಲ್ಯೂಮ್ ಆರಕ್ಕೆ ಇಟ್ಟು ಒಂದರ ಹಿಂದೆ ಒಂದು ಜೋಡಿಸಿ ಕೇಳಿದೆ. ಸಣ್ಣಕ್ಕ... ಏನು ಹೇಳಲಿ. ಆಂಪ್ ಒಡೆಯುವುದರ ಮೇಲೆ ಕೋನ್ ಕೂಡ ತಾನೇ ಒಡೆಯುತ್ತದೆ, ಒಡಕಿನ ಮೇಲೆ ಒಡಕು. ಒಂದೇ ತಂತಿ ಮೀಟಿದರೆ ಮೈ ಜುಂ ಅಂದಿತು. ಮೊದ್ದ ಮಂಕು. ಕಂಬಳಿ ಹೊದ್ದು ಮಾತಾಡುವವನ ಹಾಗೆ. ಹತ್ತೇ ನಿಮಿಷದಲ್ಲಿ ತೀರ್ಮಾನ. ಸಣ್ಣಕ್ಕನೇ.

ಅತ್ತೆ ಒಳಗಿನಿಂದ ಬಂದು, ಮನೆ ಬೀಳಿಸಿ ಆದ ಮೇಲೆ ಹೇಳು, ಚಾಪೆ ಹಾಕಿಕೊಂಡು ಬೀದಿಯಲ್ಲಿ ಮಲಗ್ತೀನಿ ಎಂದು ಹೇಳಿ ಹೋದರು.

ಜೂನ್ 8, ಭಾನುವಾರ

ಇವತ್ತು ಹಾಲ್‌ಗೆ ರಜೆ. ಮೈದುನ ಅಂಗಡಿಯಲ್ಲೇ ಬಾರಿಸಿದ. ಮುಖ ಅರಳಿತು. ಆ ಮುಖ ನೋಡಿ ಎಷ್ಟು ದಿನವಾಗಿತ್ತು. ಶಬ್ದ ಅಳೆಯುವ ಮೀಟರ್ ನೋಡಿದೆ, ಬಾಯಿಬಡುಕನಿಗಿಂತ ಪೂರಾ ನಾಲ್ಕು ಡೆಸಿಬೆಲ್ ಕಡಿಮೆ.

ಹೋಗುವಾಗ ಒಂದು ಪ್ರಶ್ನೆ ಕೇಳಿದ — ಪೂರ್ತಿ ತಿರುಗಿಸಿದರೆ ಇದು ತಡೆಯುತ್ತದಾ ಅತ್ತಿಗೆ ಅಂತ. ಕನ್ನಡಕದ ಗಾಜು ಉಜ್ಜುವುದು ಹೇಗೆ ಅಂತ ನಾನು ನಿನಗೆ ಹೇಳಿಕೊಡುತ್ತೇನಾ ಎಂದೆ. ನಕ್ಕ. ನಾನೂ ನಕ್ಕೆ.

ಜೂನ್ 12, ಗುರುವಾರ

ಸುಟ್ಟುಹೋಯಿತು.

ಸಂಜೆ ಮೈದುನ ಪ್ರಾಕ್ಟೀಸ್ ರೂಮಿನಿಂದ ಆಂಪ್ ಪೆಟ್ಟಿಗೆ ಹೊತ್ತು ತಂದು ಇಟ್ಟ. ಎರಡನೇ ಹಾಡಿನಲ್ಲಿ ಪರಪರ ಅಂದು, ಸುಟ್ಟ ವಾಸನೆ ಬಂದು, ನಿಂತಿತಂತೆ. ಶಬ್ದ ನಿಂತ ಕೂಡಲೇ ಸ್ಟ್ಯಾಂಡ್‌ಬೈ ಸ್ವಿಚ್ ಒತ್ತಿ ಆಂಪ್ ತಡೆದಿದ್ದಾನೆ, ನಾನು ಯಾವತ್ತೋ ಹೇಳಿಕೊಟ್ಟಿದ್ದನ್ನು ಮರೆತಿಲ್ಲ. ಆಂಪ್ ಉಳಿದಿದೆ. ಸಣ್ಣಕ್ಕನ ಒಳಗಿನ ತಂತಿ ಸುರುಳಿ ಕಪ್ಪು. ಓಮ್ಸ್ ಮೀಟರ್ ಹಿಡಿದೆ, ಮುಳ್ಳು ಅಲುಗಲೇ ಇಲ್ಲ.

ಹದಿನೆಂಟು ವ್ಯಾಟ್ ಆಂಪ್. ಪೂರ್ತಿ ಒಡೆದಾಗ ಮೂವತ್ತರ ಹತ್ತಿರ ದೂಡುತ್ತದೆ. ಸ್ಪೀಕರ್ ಯಾವತ್ತೂ ಆಂಪ್‌ನ ಎರಡರಷ್ಟು ಇರಬೇಕು — ಅಂಗಡಿಗೆ ಬಂದ ಪ್ರತಿಯೊಬ್ಬನಿಗೂ ಹೇಳುತ್ತೇನೆ. ಹೇಳಿ ಹೇಳಿ ನಾಲಿಗೆ ಸವೆದಿದೆ. ಇಪ್ಪತ್ತು ವ್ಯಾಟ್ ಅಂತ ಬೆನ್ನ ಮೇಲೆ ಬರೆದೇ ಇತ್ತು, ನಾನೇ ಓದಿದ್ದೆ. ದನಿ ಚೆನ್ನಾಗಿತ್ತು ಅಂತ ಕಣ್ಣು ಮುಚ್ಚಿಕೊಂಡೆ. ಅವನು ಕೇಳಿದ ಪ್ರಶ್ನೆಗೆ ತಮಾಷೆ ಮಾಡಿದೆ.

ನಾಚಿಕೆಯಾಗುತ್ತಿದೆ. ಬೇರೆ ಮಾತಿಲ್ಲ ಇದಕ್ಕೆ.

ಜೂನ್ 13, ಶುಕ್ರವಾರ

ಬೆಳಿಗ್ಗೆ ಬ್ಯಾಂಡಿನ ಡ್ರಮ್ಮರ್ ಬಂದಿದ್ದ, ಕಿತ್ತುಹೋದ ಹೆಡ್‌ಫೋನ್ ರಿಪೇರಿಗೆ. ಮಾತಿಗೆ ಮಾತು ಬಂದು ಹೇಳಿದ: ನಿಮ್ಮ ಮೈದುನ ಕಾಲಿಗೆ ಕೇಬಲ್ ಸಿಕ್ಕಿಸಿಕೊಂಡು ಎಳೆದು ಆಂಪ್ ಹಾಳು ಮಾಡಿದನಂತಲ್ಲ. ಅವನೇ ಎಲ್ಲರ ಮುಂದೆ ಹಾಗೆ ಹೇಳಿದ್ದಾನೆ. ಹಾಡುಗಾರ ರೇಗಿ, ಕೇಬಲ್ಲೇ ನೋಡಿಕೊಳ್ಳದವನು ದೀಪ ಏನು ನೋಡಿಕೊಳ್ಳುತ್ತೀಯ, ಭಾನುವಾರ ಬರಬೇಡ ಎಂದುಬಿಟ್ಟಿದ್ದಾನೆ.

ನನ್ನ ಹೆಸರು ಉಳಿಸಲು ತನ್ನ ಜಾಗ ಬಿಟ್ಟು ಬಂದಿದ್ದಾನೆ. ರಾತ್ರಿ ಊಟಕ್ಕೆ ಕೂತು ಅನ್ನಕ್ಕೆ ಉಪ್ಪು ಕೇಳಿದ್ದು ಬಿಟ್ಟರೆ ಒಂದು ಮಾತಿಲ್ಲ. ನಾನು ಎದುರೇ ಕೂತಿದ್ದೆ.

ಹೆಡ್‌ಫೋನ್ ತಂತಿ ಎರಡು ಸಲ ತಪ್ಪಾಗಿ ಬೆಸೆದೆ.

ಜೂನ್ 14, ಶನಿವಾರ, ಬೆಳಿಗ್ಗೆ

ಅಳುತ್ತ ಕೂತರೆ ಸ್ಪೀಕರ್ ಮಾತಾಡುವುದಿಲ್ಲ. ಮೊದಲಿನಿಂದ.

ಹೋದ ಶನಿವಾರದ ಇನ್ನೊಂದು ತಪ್ಪು ಇವತ್ತು ಕಣ್ಣಿಗೆ ಬಿತ್ತು. ಎರಡನ್ನೂ ಆರಕ್ಕೇ ಇಟ್ಟು ಕೇಳಿದೆ. ಜೋರಾಗಿ ಕೇಳುವುದು ಯಾವತ್ತೂ ಚೆನ್ನಾಗಿ ಕೇಳುತ್ತದೆ, ಕಿವಿಯ ಚಾಳಿ ಅದು. ಸಣ್ಣಕ್ಕ ಎರಡು ಡೆಸಿಬೆಲ್ ಜೋರು. ಮೊದ್ದನನ್ನು ಮಂಕು ಎಂದು ಮೂಲೆಗೆ ಹಾಕಿದೆ. ಸೋಮಾರಿ ಬೇಕು ಅಂತ ತಂದು, ಸೋಮಾರಿ ಅಂತ ಬೈದ ಹಾಗಾಯಿತು.

ಬಾಯಿಬಡುಕ ಮತ್ತು ಮೊದ್ದನನ್ನು ಒಂದರ ಹಿಂದೆ ಒಂದು ಜೋಡಿಸಿದೆ. ಮೀಟರ್ ಇಟ್ಟು ಎರಡರ ಶಬ್ದವನ್ನೂ ಒಂದೇ ಮಟ್ಟಕ್ಕೆ ತಂದೆ. ಬಾಯಿಬಡುಕನಿಗೆ ವಾಲ್ಯೂಮ್ ನಾಲ್ಕು, ಮೊದ್ದನಿಗೆ ಏಳು ಬೇಕಾಯಿತು. ಇನ್ನು ನನ್ನ ಕಿವಿ ನಂಬುವ ಹಾಗಿಲ್ಲ, ಒಂದು ಸಲ ಮನಸೋತಿದೆ. ಅತ್ತೆ ಪಕ್ಕದ ಕೋಣೆಯಲ್ಲಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದರು. ಮೈದುನನ ಕೈಗೆ ಗಿಟಾರ್ ಕೊಟ್ಟು, ಒಂದೇ ತುಣುಕನ್ನು ಎರಡು ಸಲ ಬಾರಿಸು ಎಂದೆ. ಯಾವುದು ಯಾವುದು ಅಂತ ಅತ್ತೆಗೆ ಹೇಳಲಿಲ್ಲ.

ಯಾವುದು ಜೋರು ಎಂದು ಕೇಳಿದೆ. ಎರಡೂ ಒಂದೇ ತಲೆನೋವು ಎಂದರು. ಸರಿ, ಲೆಕ್ಕ ಕೂಡಿತು. ಯಾವುದು ಚೆನ್ನಾಗಿದೆ ಎಂದೆ. ಸೂಜಿಗೆ ದಾರ ಪೋಣಿಸಿ ಗಂಟು ಹಾಕಿದರು.

"ಮೊದಲನೇದು ಬರೀ ತಂತಿ ಕಣೆ. ಎರಡನೇದರಲ್ಲಿ ನಮ್ಮ ಹುಡುಗ ಇದಾನೆ."

ಎರಡನೆಯದು ಮೊದ್ದ. ಮೈದುನ ತಲೆ ಬಗ್ಗಿಸಿ ಶ್ರುತಿ ಸರಿ ಮಾಡುವವನ ಹಾಗೆ ನಟಿಸಿದ. ಗಿಟಾರ್ ಶ್ರುತಿಯಲ್ಲೇ ಇತ್ತು.

ಏಳಕ್ಕೆ ಇಟ್ಟು ಅರ್ಧ ಗಂಟೆ ಬಾರಿಸಿಸಿದೆ. ಬೆನ್ನು ಮುಟ್ಟಿ ನೋಡಿದೆ, ಬೆಚ್ಚಗೂ ಆಗಿಲ್ಲ. ಐವತ್ತು ವ್ಯಾಟ್. ಈ ಸಲ ಓದಿ, ಓದಿದ್ದನ್ನು ನಂಬಿದೆ. ಇನ್ನೊಂದು — ಮೆಲ್ಲಗೆ ಮೀಟಿದರೆ ದನಿ ಶುದ್ಧ, ಒತ್ತಿದರೆ ಒಡಕು. ಸಣ್ಣಕ್ಕನಲ್ಲಿ ಮೆಲ್ಲಗೆ ಅನ್ನುವುದೇ ಇರಲಿಲ್ಲ. ಅದನ್ನೂ ಗಮನಿಸಿರಲಿಲ್ಲ ನಾನು.

ಅದೇ ದಿನ, ಸಂಜೆ

ಪ್ರಾಕ್ಟೀಸ್ ರೂಮಿಗೆ ನಾನೇ ಹೋದೆ. ಟೈರ್ ಅಂಗಡಿಯ ಮೇಲೆ, ಕಬ್ಬಿಣದ ಮೆಟ್ಟಿಲು. ಮೈದುನ ಬರುವುದಿಲ್ಲ ಎಂದ. ಪೆಟ್ಟಿಗೆ ಎತ್ತು, ಮಾತು ಆಮೇಲೆ ಎಂದೆ. ಎತ್ತಿದ.

ಕೀಬೋರ್ಡಿನವನು ಆಗಲೇ ಬಂದು ಕೂತಿದ್ದ. ಒಳ್ಳೆಯ ಮನುಷ್ಯ, ಎದ್ದು ನಿಂತು ಕುರ್ಚಿ ಕೊಟ್ಟ. ನಾನು ಕೂರಲಿಲ್ಲ. ಕೂತರೆ ಧೈರ್ಯ ಹೋಗುತ್ತದೆ.

"ಕೇಬಲ್ ಎಳೆದಿದ್ದಲ್ಲ ಅದು. ತಪ್ಪು ಸ್ಪೀಕರ್ ಹಾಕಿಕೊಟ್ಟೋಳು ನಾನು. ಇವನು ಸುಳ್ಳು ಹೇಳಿದಾನೆ."

ಹಾಡುಗಾರ ಇವನ ಮುಖ ನೋಡಿದ. ಇವನು ನೆಲ ನೋಡಿದ. ಕೆಳಗೆ ಯಾರೋ ಟೈರಿಗೆ ಗಾಳಿ ಹಾಕಿಸುತ್ತಿದ್ದರು. ಆಮೇಲೆ ಹಾಡುಗಾರ ಕೇಳಿದ, ನಾಳೆ ಮತ್ತೆ ಕೈ ಕೊಟ್ಟರೆ? ಕೊಡುವುದಿಲ್ಲ ಎಂದೆ. ಅಷ್ಟು ಖಾತ್ರಿಯಾ ಎಂದ. ಆರು ಡೆಸಿಬೆಲ್ ಖಾತ್ರಿ ಎಂದೆ.

ನಾಳೆ ಮೊದಲರ್ಧ ಗಿಟಾರ್. ದೀಪ ಕೆಂಪಾದರೆ, ಅಥವಾ ಸಪ್ಪೆಯಾದರೆ, ಎರಡನೇ ಅರ್ಧಕ್ಕೆ ಕೀಬೋರ್ಡ್. ಆಮೇಲೂ ಕೀಬೋರ್ಡೇ. ಇದು ಹಾಡುಗಾರನ ತೀರ್ಮಾನ. ನ್ಯಾಯವಾಗಿದೆ, ಜಗಳ ಆಡಲು ಏನೂ ಉಳಿಸಿಲ್ಲ.

ಇಳಿಯುವಾಗ ಮೈದುನ, "ಯಾಕೆ ಹೇಳಿದ್ರಿ ಅತ್ತಿಗೆ, ನಾಳೆಯಿಂದ ಅಂಗಡಿಗೆ ಯಾರು ಬರ್ತಾರೆ" ಎಂದ. ಬಾರದವರು ಬಾರದಿರಲಿ ಎಂದೆ. ಡ್ರಮ್ಮರ್ ಹಿಂದೆಯೇ ಇಳಿದು ಬಂದು, ಹಾಳಾದ ಮೈಕ್ ಒಂದಿದೆ, ಸೋಮವಾರ ತರಲಾ ಎಂದು ಕೇಳಿದ.

ಜೂನ್ 15, ಭಾನುವಾರ, ಮಧ್ಯಾಹ್ನ 3.20

ಹಾಲ್. ಸ್ಟೇಜಿನ ಪಕ್ಕದ ಬೆಂಚು. ಮೀಟರ್ ತೊಡೆಯ ಮೇಲೆ, ಈ ಪುಸ್ತಕ ಅದರ ಪಕ್ಕ. ದೀಪದ ಪೆಟ್ಟಿಗೆ ಎದುರು ಗೋಡೆಯಲ್ಲಿ. ಅದರ ಕೆಳಗೇ ಹಾಲ್‌ನ ಮ್ಯಾನೇಜರ್. ಕೀಬೋರ್ಡಿನವನು ಮೂರನೇ ಸಾಲಿನಲ್ಲಿ, ಕೀಬೋರ್ಡ್ ಚೀಲದಲ್ಲಿ, ಚೀಲ ಕಾಲ ಬಳಿ. ಇವರು ಡ್ಯೂಟಿ ಬದಲಿಸಿಕೊಂಡು ಬಂದಿದ್ದಾರೆ. ಅತ್ತೆಯೂ ಬಂದಿದ್ದಾರೆ, ಕಿವಿಗೆ ಹತ್ತಿ ಇಟ್ಟುಕೊಂಡು.

4.05

ಮೂರು ಹಾಡು ಆಯಿತು. ದೀಪ ಹಸಿರು. ಹಸಿರೇ ಹಸಿರು, ಹಳದಿಗೂ ಹೋಗುತ್ತಿಲ್ಲ. ಸಪ್ಪೆ. ಇವನು ಆಂಪ್ ನಾಲ್ಕಕ್ಕೆ ಇಟ್ಟುಕೊಂಡಿದ್ದಾನೆ. ಪ್ರತಿ ಸಾಲಿಗೂ ಕಣ್ಣು ಗೋಡೆಗೆ. ಬೆರಳು ತಂತಿಗೆ ಮುಟ್ಟಿಯೂ ಮುಟ್ಟದ ಹಾಗೆ. ಮೊದ್ದನಿಗೆ ನಾಲ್ಕು ಯಾತಕ್ಕೂ ಸಾಲದು. ಹಾಡುಗಾರ ಒಂದು ಸಲ ಮೂರನೇ ಸಾಲಿನ ಕಡೆ ನೋಡಿದ. ಕೀಬೋರ್ಡಿನವನು ಚೀಲದ ಜಿಪ್ ಎಳೆದ.

ಮೊದಲರ್ಧಕ್ಕೆ ಇನ್ನು ಒಂದೇ ಹಾಡು. ಈಗ ಹಾಡುಗಾರ ನೀರು ಕುಡಿಯುತ್ತಿದ್ದಾನೆ, ಎರಡು ನಿಮಿಷ. ಏಳುತ್ತೇನೆ.

4.10

ಸ್ಟೇಜಿನ ಹಿಂದಿನಿಂದ ಹೋದೆ. ಯಾಕೆ ಕೈ ಬಿಗಿಹಿಡಿದಿದ್ದೀಯ ಎಂದೆ. ದೀಪ ಎಂದ. ಅಷ್ಟೇ.

"ದೀಪ ನಾನು ನೋಡ್ಕೋತೀನಿ. ನೀನು ಗಿಟಾರ್ ನೋಡ್ಕೋ."

ಆಂಪ್ ನಾನೇ ಏಳಕ್ಕೆ ತಿರುಗಿಸಿದೆ. ಇವನ ಭುಜ ಹಿಡಿದು ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿದೆ, ಡ್ರಮ್ಮರ್ ಕಡೆಗೆ ಮುಖ. ಮತ್ತೆ ಬೆಂಚಿಗೆ ಬಂದೆ. ಲೆಕ್ಕ ಸರಿಯಿದೆ. ಹೋದ ವಾರವೂ ಸರಿಯಿದೆ ಅಂದುಕೊಂಡಿದ್ದೆ. ಇರಲಿ, ಈ ಸಲ ಅಳೆದಿದ್ದೇನೆ. ಸರಿಯಿದೆ.

ಶುರು. ಹಾಡು ನಡೆಯುವಾಗ ಮೆಲ್ಲಗೆ ಮೀಟುತ್ತಿದ್ದಾನೆ, ದನಿ ಶುದ್ಧ. ಹಸಿರು. ಎರಡನೇ ಚರಣ. ಹಸಿರು. ಈಗ ಇವನ ಜಾಗ. ಕೈ ಎತ್ತಿದ —

ಒಡೆಯಿತು. ದೇವರೇ, ಚೆನ್ನಾಗಿ ಒಡೆಯಿತು.

ಹಳದಿ. ಮ್ಯಾನೇಜರ್ ಎದ್ದು ನಿಂತ. ಹಳದಿ. ಇನ್ನೂ ಒತ್ತುತ್ತಿದ್ದಾನೆ, ತಂತಿ ಎಳೆದು ಹಿಡಿದಿದ್ದಾನೆ. ಹಳದಿಯಲ್ಲೇ ಇದೆ, ಮೇಲೆ ಹೋಗುತ್ತಿಲ್ಲ. ಮ್ಯಾನೇಜರ್ ಕೂತ. ಹಾಡುಗಾರ ಮೈಕ್ ಬಿಟ್ಟು ಪಕ್ಕಕ್ಕೆ ಸರಿದು, ಇನ್ನೊಂದು ಸುತ್ತು ಎಂದು ಬೆರಳಲ್ಲಿ ತೋರಿಸುತ್ತಿದ್ದಾನೆ. ಕೀಬೋರ್ಡಿನವನು ಚೀಲದ ಮೇಲೆ ತಾಳ ಹಾಕುತ್ತಿದ್ದಾನೆ. ಅತ್ತೆ ಒಂದು ಕಿವಿಯ ಹತ್ತಿ ತೆಗೆದರು. ಇವನ ಕಣ್ಣು ಮುಚ್ಚಿದೆ, ಬಾಯಿ ತೆರೆದಿದೆ, ಯಾರ ಜೊತೆಯೋ ಮಾತಾಡುವವನ ಹಾಗೆ. ದೀಪ ನೋಡಿಕೊಳ್ಳುತ್ತೇನೆ ಅಂದವಳು ನಾನು, ಎಷ್ಟು ಹೊತ್ತಿನಿಂದ ಇವನನ್ನೇ ನೋಡುತ್ತಿದ್ದೇನೆ.