ಮೂರನೆಯ ಸ್ಕ್ರೀನು ಯಾರದು

ಮಾಜಾಳಿ, ಕಾರವಾರ
೨೦-೮-೨೦೨೫, ಬುಧವಾರ

ಪ್ರಗತಿಯ ಅಪ್ಪನಿಗೆ,

ನೀತಾ ಮಾಡುವ ನಮಸ್ಕಾರ. ನಾವು ಮೂವರೂ ಇಲ್ಲಿ ಆರಾಮವಾಗಿದ್ದೇವೆ. ನಿಮ್ಮ ಆರೋಗ್ಯ ಹೇಗಿದೆ? ಹೋಗುವಾಗ ಇದ್ದ ಕೆಮ್ಮು ಕಡಿಮೆಯಾಯಿತೇ? ಚೀಲದ ಬದಿಯ ಜೇಬಿನಲ್ಲಿ ಕಷಾಯದ ಪುಡಿ ಇಟ್ಟಿದ್ದೆ, ಅದನ್ನು ತೆಗೆದೂ ನೋಡಿರಲಿಕ್ಕಿಲ್ಲ ಎಂಬುದು ನನಗೆ ಗೊತ್ತಿದೆ. ಆಯಿಗೆ ಮಳೆ ಜೋರಾದಾಗಲೆಲ್ಲ ಮೊಣಕಾಲು ಹಿಡಿದುಕೊಳ್ಳುತ್ತದೆ, ಉಳಿದಂತೆ ನಿಮ್ಮ ಅಮ್ಮ ಗಟ್ಟಿ. ಪ್ರಗತಿಗೆ ಮುಂದಿನ ಹಲ್ಲು ಬಿದ್ದಿದೆ. ಪಪ್ಪ ಬರುವವರೆಗೆ ಹೊಸ ಹಲ್ಲು ಬರಬಾರದು ಎಂದು ದೇವರಿಗೆ ಹೇಳಿಕೊಳ್ಳುತ್ತಿದ್ದಾಳೆ.

ಫೋನು ಇರುವಾಗ ಇವಳೇಕೆ ಕಾಗದ ಬರೆದಳು ಎಂದು ನಗಬೇಡಿ. ಮೊದಲನೆಯದಾಗಿ ನಿಮ್ಮ ಫೋನು ಹತ್ತು ದಿನದಿಂದ ಬಂದ್ ಇದೆ. ಎರಡನೆಯದಾಗಿ, ಅದು ಚಾಲೂ ಇದ್ದಾಗಲೂ ನಾನು ದನಿ ಏರಿಸಿದ ಕೂಡಲೇ ನೀವು ‘ನೆಟ್‌ವರ್ಕ್ ಇಲ್ಲ ಮಾರಾಯ್ತಿ’ ಎಂದು ಇಟ್ಟುಬಿಡುತ್ತೀರಿ. ಕಾಗದವನ್ನು ಹಾಗೆ ಇಡಲು ಬರುವುದಿಲ್ಲ. ಹರಿದು ಬಿಸಾಡಬಹುದು, ಆದರೆ ಪೂರ್ತಿ ಓದಿದ ಮೇಲೆ ಹರಿಯಿರಿ. ಇಷ್ಟು ಮಾತ್ರ ಕೇಳಿಕೊಳ್ಳುತ್ತೇನೆ.

ಸುದ್ದಿ ಶುರುವಾದದ್ದು ಟೀವಿಯಿಂದ. ಬೋಟು ನೀರಿಗಿಳಿದ ಕೂಡಲೇ ಸಿನಿಮಾ ಆ್ಯಪುಗಳಲ್ಲಿ ದುಬಾರಿಯದನ್ನು ನಿಲ್ಲಿಸು ಎಂದು ಪ್ರತಿವರ್ಷ ನೀವೇ ಹೇಳುವುದಲ್ಲವೇ? ಜೂನ್, ಜುಲೈ ಎರಡು ತಿಂಗಳು ಗಂಡಸರು ಮನೆಯಲ್ಲಿ, ಆಗ ಮಾತ್ರ ಅದಕ್ಕೆ ಹಣ ಕೊಡುವುದು. ಆಗಸ್ಟಿನಿಂದ ನೋಡುವವರು ಯಾರು? ವರ್ಷದ ಪ್ಲ್ಯಾನು ಅಗ್ಗ ಎಂದು ಪೇಟೆಯವರು ಎಷ್ಟೇ ಹೇಳಲಿ, ನಮ್ಮಂಥ ಮನೆಗೆ ತಿಂಗಳ ಲೆಕ್ಕವೇ ಸರಿ ಎಂದು ಅಂಕೋಲೆಯ ನಿಮ್ಮ ವಿನುತಕ್ಕನಿಗೂ ನೀವೇ ಕಲಿಸಿಕೊಟ್ಟಿರಿ. ಆಯಿಯ ಧಾರಾವಾಹಿಯದು ಅಗ್ಗದ್ದು, ಅದು ಇರಲಿ. ಕ್ರಿಕೆಟ್ಟಿನದು ರೀಚಾರ್ಜಿನ ಜೊತೆಗೇ ಬರುತ್ತದೆ. ಉಳಿದದ್ದು ಆ ದೊಡ್ಡದು. ಈ ಸಲ ನಿಲ್ಲಿಸಲು ನಾನು ಮರೆತೆ. ಆಯಿಯನ್ನು ಕಾಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವ ಗಡಿಬಿಡಿಯಲ್ಲಿ ತಾರೀಕು ದಾಟಿತು, ದುಡ್ಡು ತಾನಾಗಿಯೇ ಖಾತೆಯಿಂದ ಹೋಯಿತು. ಕೊಟ್ಟದ್ದು ಹೇಗೂ ಕೊಟ್ಟಾಯಿತು, ಈ ತಿಂಗಳು ನಾವೂ ಅಂಕೋಲೆಯವರೂ ಕಣ್ಣು ತುಂಬ ನೋಡಿಬಿಡೋಣ ಎಂದು ವಿನುತಕ್ಕನಿಗೆ ಫೋನ್ ಮಾಡಿ ನಗಾಡಿದ್ದೆ.

ಹೋದ ಭಾನುವಾರ ಮಧ್ಯಾಹ್ನ ಪ್ರಗತಿ ಕಾರ್ಟೂನ್ ಹಾಕಲು ಹೋದರೆ ಟೀವಿ ಬೇಡವೆಂದಿತು. ಈಗಾಗಲೇ ಇಬ್ಬರು ನೋಡುತ್ತಿದ್ದಾರೆ, ನಿಮ್ಮ ಪ್ಲ್ಯಾನಿಗೆ ಎರಡೇ ಸ್ಕ್ರೀನು, ಮೂರನೆಯದು ಬೇಕಾದರೆ ಇನ್ನಷ್ಟು ಹಣ ಕೊಡಿ ಎಂದು ಬರೆದು ಬಂತು. ನನ್ನ ಪಿತ್ತ ನೆತ್ತಿಗೇರಿತು. ಒಂದು ವಿನುತಕ್ಕನ ಮನೆಯ ಟೀವಿ, ಒಪ್ಪಿದೆ. ಇನ್ನೊಂದು? ಅಕ್ಕ ಬೀದಿಯವರಿಗೆಲ್ಲ ಪಾಸ್‌ವರ್ಡ್ ಹಂಚಿದ್ದಾಳೆ ಎಂದುಕೊಂಡೆ. ಫೋನ್ ಮಾಡಿ ಬಾಯಿಗೆ ಬಂದದ್ದೆಲ್ಲ ಅಂದೆ. ಹಣ ನಮ್ಮದು, ದಾನ ನಿಮ್ಮದೋ ಎಂದೂ ಕೇಳಿದೆ. ಅವರು ‘ದೇವ್ರಾಣೆ ಮಾಡಿ ಹೇಳ್ತೆ, ನಮ್ಮನೇಲಿ ಒಂದೇ ಟೀವಿ ಚಾಲೂ ಇತ್ತು, ನೀ ಎಂತಾ ನನ್ನ ಕಳ್ಳಿ ಮಾಡ್ತೀಯನೆ?’ ಎಂದು ಅತ್ತೇಬಿಟ್ಟರು. ಆಗಲೂ ನಾನು ನಂಬಲಿಲ್ಲ. ಅವರ ಮಾತು ಸುಳ್ಳೆಂದು ತೋರಿಸಲೇಬೇಕೆಂಬ ಹಟದಿಂದ ಆ್ಯಪಿನ ಒಳಗೆ ಹೋಗಿ ನೋಡಿದೆ. ಅಲ್ಲಿ ನಾವು ಪ್ರತಿಯೊಬ್ಬರಿಗೂ ಒಂದೊಂದು ಮುಖದ ಚಿತ್ರ ಮಾಡಿಕೊಂಡಿದ್ದೇವಲ್ಲ, ಆಯಿಗೆ ಹೂವು, ಪ್ರಗತಿಗೆ ಮೊಲ, ಅಕ್ಕನಿಗೆ ಕನ್ನಡಕದ ಹೆಂಗಸು. ನಡೆಯುತ್ತಿದ್ದುದು ‘ರೋಷನ’ ಎಂದು ಬರೆದ ನಿಮ್ಮ ಹಸಿರು ಮುಖದಲ್ಲಿ.

ಹತ್ತನೇ ತಾರೀಕಿಗೆ ನೀವು ಮಲ್ಪೆಯಿಂದ ಫೋನ್ ಮಾಡಿ, ನಾಳೆ ಬೋಟು ಹೊರಡುತ್ತದೆ, ಆಳಸಮುದ್ರಕ್ಕೆ, ಹತ್ತು ದಿನ ಫೋನು ತಾಗುವುದಿಲ್ಲ ಎಂದಿದ್ದಿರಿ. ದಡ ಬಿಟ್ಟು ಒಂದೆರಡು ತಾಸಿಗೆ ಸಿಗ್ನಲ್ ಸಾಯುತ್ತದೆ ಎಂಬುದು ಮಾಜಾಳಿಯ ಚಿಕ್ಕ ಮಕ್ಕಳಿಗೂ ಗೊತ್ತು. ಅಂಥದ್ದರಲ್ಲಿ ಭಾನುವಾರ ಮಧ್ಯಾಹ್ನ, ಬಲೆ ಎಳೆಯುವ ಹೊತ್ತಿನಲ್ಲಿ, ನೀವು ಯಾವುದೋ ದೇಶದವರು ರೊಟ್ಟಿ ಬೇಯಿಸುವ ಸ್ಪರ್ಧೆ ನೋಡುತ್ತಿದ್ದಿರಿ. ಹಿಂದಿನ ದಿನವೂ ನೋಡಿದ್ದಿರಿ, ಅದರ ಹಿಂದಿನ ದಿನವೂ. ಫೋನು ಕಳೆದು ಬೇರೆ ಯಾರಿಗೋ ಸಿಕ್ಕಿರಬಹುದು ಎಂದು ಒಂದು ಗಳಿಗೆ ಸಮಾಧಾನ ಹೇಳಿಕೊಂಡೆ. ಆದರೆ ಅಡುಗೆಯ ಕಾರ್ಯಕ್ರಮ ಕಂಡರೆ ಓಡಿಸಿ ಮುಂದೆ ಹೋಗುವ ಮಲ್ಪೆಯ ಕಳ್ಳ ಯಾರು, ರೊಟ್ಟಿ ಉಬ್ಬುವುದನ್ನು ತಾಸುಗಟ್ಟಲೆ ನೋಡುವ ನನ್ನ ಗಂಡ ಯಾರು ಎಂಬುದು ನನಗೆ ತಿಳಿಯುತ್ತದೆ. ಮನೆಯಲ್ಲಿದ್ದ ಎರಡು ತಿಂಗಳೂ ನೀವು ಅದನ್ನೇ ನೋಡಿದ್ದೀರಿ.

ಸುಳ್ಳು ಯಾಕೆ ಬರೆಯಲಿ, ನನ್ನ ತಲೆ ಮೊದಲು ಓಡಿದ್ದು ಕೆಟ್ಟ ಕಡೆಗೇ. ಬೋಟಿನಲ್ಲಿ ಇಲ್ಲದಿದ್ದರೆ ಯಾವ ಮನೆಯಲ್ಲಿ? ಯಾರ ವೈಫೈ? ಯಾರ ಚಾಪೆ? ಸಿಮ್ ತೆಗೆದಿಟ್ಟು ನನ್ನಿಂದ ತಪ್ಪಿಸಿಕೊಂಡ ಗಂಡಸು ಸಿನಿಮಾ ನೋಡುವುದನ್ನು ಮಾತ್ರ ಬಿಡಲಿಲ್ಲವಲ್ಲ ಎಂದು ಮೈಯೆಲ್ಲ ಉರಿಯಿತು. ಆ ಸಂಜೆ ಆಯಿ ಹೊರಗೆ ಕೂತು ಏಡಿ ಒಡೆಯುತ್ತಿದ್ದರು. ನಾನು ಒಳಗೆ ಬಾಗಿಲು ಹಾಕಿಕೊಂಡು ನಿಮ್ಮ ಮುಖ ಒತ್ತಿದೆ. ಎಂಥ ಎಂಥದ್ದು ನೋಡಿದ್ದೀರಿ, ಯಾವ ಹೆಂಗಸಿನ ರುಚಿ ಇದರಲ್ಲಿ ಕಾಣುತ್ತದೆ, ಹುಡುಕುತ್ತೇನೆ ಎಂದು ಕೂತೆ. ಕಂಡದ್ದೇ ಬೇರೆ. ರೊಟ್ಟಿಯದು ಪೂರ್ತಿ ಮುಗಿಸಿದ್ದೀರಿ. ಹಿಮದಲ್ಲಿ ಮರದ ಮನೆ ಕಟ್ಟುವವರದ್ದೂ ಮುಗಿಸಿದ್ದೀರಿ. ಮತ್ತೆ ಅರ್ಧಕ್ಕೆ ಬಿಟ್ಟ ಸಿನಿಮಾಗಳು. ಚಂದದ ನಗೆಯ ಸಿನಿಮಾವನ್ನು ಯಾಕೆ ಬಿಟ್ಟರಪ್ಪ ಎಂದು, ನೀವು ನಿಲ್ಲಿಸಿದಲ್ಲಿಂದಲೇ ಹಚ್ಚಿದೆ. ಗಂಡ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಸಮುದ್ರ ನೋಡಲು ಲಾಂಚು ಹತ್ತುತ್ತಿದ್ದರು. ಇನ್ನೊಂದು ಹಚ್ಚಿದೆ, ಅದು ಪೊಲೀಸರ ಕಥೆ. ನೀವು ಬಿಟ್ಟ ಜಾಗದಲ್ಲಿ ಟೀವಿಯ ತುಂಬ ನೀರು, ನೀರಿನಲ್ಲಿ ಒಂದು ಕೈ. ನಾನೇ ಗಾಬರಿಯಿಂದ ಆಫ್ ಮಾಡಿದೆ.

ಆಮೇಲೆ ನೆಲದ ಮೇಲೆ ಕೂತು ಅತ್ತೆ. ನಿಮ್ಮ ಬೋಟಿನ ಜೊತೆಗಾರ ಮಾದು ತೀರಿಹೋದದ್ದು ಹೋದ ಫೆಬ್ರವರಿಯಲ್ಲಿ. ನಿಮ್ಮ ಪಕ್ಕದಲ್ಲೇ ನಿಂತು ಬಲೆ ಎಳೆಯುತ್ತಿದ್ದವನು ಜಾರಿ ಬಿದ್ದ, ಸಿಗಲೇ ಇಲ್ಲ. ನೀವು ಮನೆಗೆ ಬಂದು ಹೇಳಿದ್ದು ಇಷ್ಟೇ: ‘ಹಗ್ಗ ಹಿಡ್ಕಂಡಿದ್ದ, ಬಿಟ್ಟ.’ ಅವನ ಹನ್ನೊಂದನೇ ದಿನದ ಕೆಲಸ ಮುಗಿಸಿ, ಗಡ್ಡ ತೆಗೆದು, ಮತ್ತೆ ಬೋಟಿಗೆ ಹೋದಿರಿ. ಗಂಡಸು, ಗಟ್ಟಿಯಾಗಿದ್ದಾನೆ ಎಂದು ಊರು ಹೇಳಿತು, ನಾನೂ ಹೇಳಿದೆ. ಜೂನಿನಲ್ಲಿ ಮನೆಗೆ ಬಂದವರು ಬೆಳಗಿನಿಂದ ಟೀವಿಯ ಮುಂದೆ ಬಿದ್ದುಕೊಂಡಿರಿ. ದನಿ ಕೂಡ ಇಡುತ್ತಿರಲಿಲ್ಲ. ಬಲೆ ಸೀಳಿದ್ದನ್ನು ಹೊಲಿಯಲು ಕರೆದರೆ ನಾಳೆ ಎನ್ನುತ್ತಿದ್ದಿರಿ. ಈ ಟೀವಿಯನ್ನೇ ಮದುವೆಯಾಗಿದ್ದರೆ ಆಗುತ್ತಿತ್ತು ಎಂದು ನಾನು ಎಲ್ಲರ ಎದುರಿಗೆ ಹಾಸ್ಯ ಮಾಡಿದೆ. ನೀವೂ ನಕ್ಕಿರಿ. ಕಣ್ಣು ಮುಚ್ಚಿದರೆ ಏನು ಕಾಣುತ್ತಿತ್ತೋ, ಅದಕ್ಕೇ ಕಣ್ಣು ತೆರೆದು ಆ ರೊಟ್ಟಿಗಳನ್ನು ನೋಡುತ್ತಿದ್ದಿರೇನೋ. ಪಕ್ಕದಲ್ಲೇ ಮಲಗುವ ನನಗೆ ಗೊತ್ತಾಗಲಿಲ್ಲ ಎಂಬುದು ನನಗೆ ತುಂಬ ನೋವು ಕೊಟ್ಟಿದೆ.

ಸೋಮವಾರ ವಿನುತಕ್ಕನಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಮೂರನೆಯ ಸ್ಕ್ರೀನು ಯಾರದು ಎಂದು ಅವರು ಕೇಳಿದ್ದಕ್ಕೆ ನಾನೇ ಏನೋ ತಪ್ಪು ಒತ್ತಿದ್ದೆ ಎಂದೆ. ಅವರ ಸಿಟ್ಟು ಇಳಿದಿಲ್ಲ. ‘ಆಗ್ಲಿ, ತಮ್ಮ ಚೌತಿಗೆ ಬರ್ಲಿ, ಅವ್ನ ಎದ್ರಿಗೇ ಮಾತಾಡ್ವ’ ಎಂದು ಫೋನ್ ಇಟ್ಟರು. ಈಗ ಚೌತಿಯದೇ ದೊಡ್ಡ ಚಿಂತೆ. ಹತ್ತನೇ ತಾರೀಕಿಗೆ ನೀವು ಕೊನೆಗೆ ಮೆಲ್ಲಗೆ ಒಂದು ಮಾತು ಸೇರಿಸಿದಿರಿ: ಈ ಸಲ ಚೌತಿಗೆ ಬರುವುದು ಸಂಶಯ. ನಾನು ಆಯಿಗೆ ಹೇಳಿಲ್ಲ. ಗಣಪತಿಯನ್ನು ಒಳಗೆ ತರುವವರು ನೀವು. ಮಲ್ಪೆಗೆ ಹೋದ ನಮ್ಮೂರಿನ ಗಂಡಸರೆಲ್ಲ ಬರುತ್ತಾರೆ, ನಿಮ್ಮ ಬೋಟಿನವರೂ ಬರುತ್ತಾರೆ. ಅವರು ಇಲ್ಲಿಗೆ ಬಂದು, ರೋಷನ ಈ ಸಲ ಬೋಟು ಹತ್ತಲೇ ಇಲ್ಲವಲ್ಲ ಎಂದು ಜಗಲಿಯಲ್ಲಿ ಕೂತು ಆಯಿಗೆ ಹೇಳುತ್ತಾರೆಂದು ಹೆದರಿಯೇ ನೀವು ಬರುವುದಿಲ್ಲ ಎಂದಿರಲ್ಲವೇ? ಈ ಚೌತಿಗೆ ಬಾರದವರು ಮುಂದಿನದಕ್ಕೆ ಹೇಗೆ ಬರುತ್ತೀರಿ? ಒಂದು ಸಲ ಮನೆಯ ದಾರಿ ತಪ್ಪಿದರೆ ಮತ್ತೆ ಬರಲು ಮುಖ ಸಾಲುವುದಿಲ್ಲ. ನನ್ನ ಹೆದರಿಕೆ ಅದು. ನಿಮ್ಮದಕ್ಕಿಂತ ಸಣ್ಣದೇನಲ್ಲ.

ಕೇಳಿ. ನಿಮಗೆ ಸಮುದ್ರಕ್ಕೆ ಹೋಗಲು ಆಗದಿದ್ದರೆ ಹೋಗಬೇಡಿ. ನಾನು ಮೀನು ಮಾರುವವರ ಮನೆಯಲ್ಲಿ ಹುಟ್ಟಿದವಳು, ಇದನ್ನು ತಿಳಿಯದೆ ಬರೆಯುತ್ತಿಲ್ಲ. ಅರ್ಧ ಮಾಜಾಳಿ ಬೆಳಗಿನ ಬಸ್ಸಿಗೆ ಗೋವಾಕ್ಕೆ ಹೋಗಿ ದುಡಿದು ಸಂಜೆ ಮನೆಗೆ ಬರುತ್ತದೆ. ಕಾರವಾರದಲ್ಲೂ ಐಸ್ ಪ್ಲಾಂಟುಗಳಿವೆ. ರೊಟ್ಟಿಯ ಅಂಗಡಿ ಇಡುತ್ತೇನೆ ಎಂದರೂ ನಾನು ಹಿಟ್ಟು ನಾದಿಕೊಡುತ್ತೇನೆ, ಅಷ್ಟು ನೋಡಿದ ಮೇಲೆ ನಿಮಗೆ ಬಂದೇ ಇರಬೇಕು. ಊರು ನಾಲ್ಕು ದಿನ ಆಡಿಕೊಳ್ಳಲಿ. ನನಗೆ ಬೇಕಾದದ್ದು ನೀವು, ಬೋಟಿನಲ್ಲಿರುವ ಗಂಡಸಲ್ಲ.

ದುಬಾರಿಯ ಆ ಹಣ ದಂಡವಾಯಿತೆಂದು ಬೇಸರ ಮಾಡಿಕೊಂಡಿದ್ದೆ. ಈಗ ಹಾಗೆ ಅನಿಸುತ್ತಿಲ್ಲ. ಈ ಮೂರು ದಿನ ಎದ್ದ ಕೂಡಲೇ ಹಸಿರು ಮುಖ ಒತ್ತಿ ನೋಡುತ್ತೇನೆ. ನಿನ್ನೆಗಿಂತ ಒಂದು ಕಂತು ಮುಂದೆ ಹೋಗಿದ್ದರೆ ಇದ್ದೀರಿ ಎಂದು ಲೆಕ್ಕ. ಆಮೇಲೆಯೇ ಒಲೆ ಹಚ್ಚುವುದು. ಆದರೆ ಹೆಂಡತಿಗೆ ಗಂಡನ ಸುದ್ದಿ ಹೀಗೆ ಸಿಗಬಾರದು. ಚೌತಿಯ ಮರುದಿನ ಅದನ್ನು ನಿಲ್ಲಿಸುತ್ತೇನೆ. ನೋಡುವುದಿದ್ದರೆ ಮನೆಗೆ ಬಂದು ನನ್ನ ಪಕ್ಕದಲ್ಲಿ ಕೂತು ನೋಡಿ, ನಮಗೆ ಒಂದು ಸ್ಕ್ರೀನು ಸಾಕು.

ಈ ಕಾಗದವನ್ನು ಮಲ್ಪೆಗೆ ಹೋಗುವ ಮೀನಿನ ಲಾರಿಯ ತುಳಸಿದಾಸಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ. ಬೋಟಿಗೆ ಕೊಡಿ ಎಂದೆ. ಅವರು ನನ್ನ ಮುಖ ನೋಡದೆ, ‘ಬೋಟಿಗೆ ಅಲ್ಲ ತಂಗಿ, ಅವ್ನ ಕೈಯಾಗೇ ಕೊಡ್ತೆ’ ಎಂದರು. ಅವರನ್ನು ಬಯ್ಯಬೇಡಿ.

ಆಯಿಯ ಆಶೀರ್ವಾದ, ಪ್ರಗತಿಯ ಹಲ್ಲಿಲ್ಲದ ಮುತ್ತು. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಆ ಕಷಾಯ ಕುಡಿಯಿರಿ.

ನಿಮ್ಮ ದಾರಿ ನೋಡುತ್ತಿರುವ,
ನೀತಾ

ತಾ.ಕ.: ಲಾರಿ ಹಾರ್ನ್ ಹೊಡೆಯುತ್ತಿದೆ, ಬೇಗ ಬರೆಯುತ್ತೇನೆ. ಲಕೋಟೆ ಅಂಟಿಸುವಾಗ ಆಯಿ ಬಂದು ಪಕ್ಕದಲ್ಲಿ ಕೂತರು. ನೂಲು ಹುಣ್ಣಿಮೆಗೆ ಅವರು ಸಮುದ್ರಕ್ಕೆ ಕಾಯಿ ಬಿಡುವುದು ನಿಮಗೆ ಗೊತ್ತೇ ಇದೆ, ಬೋಟಿಗೆ ಹೋಗುವ ನಮ್ಮವರ ಹೆಸರಿಗೆ ಒಂದೊಂದು. ಈ ಸಲ ನಿಮ್ಮ ಹೆಸರಿನದು ಬಿಡಲೇ ಇಲ್ಲವಂತೆ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ: ‘ಅವ ಹೋಗೂದಿಲ್ಲ ಅಂದೇಳಿ ನಂಗೆ ಆಗ್ಲೇ ಗುತ್ತಿತ್ತು. ಮನೆ ಬಿಡ್ವಾಗ ಸಮುದ್ರದ ಬದಿಗೆ ಕಣ್ಣೇ ಹಾಕಲಿಲ್ಲ ಅವ. ಹೋಗದವ್ನ ಹೆಸ್ರಿಗೆ ಕಾಯಿ ಯಾಕೆ ಬಿಡೂದು? ಅವ್ನ ಕಾಯಿ ಅಕ್ಕಿ ಡಬ್ಬದಾಗೆ ಇಟ್ಟಿದೆ. ಬಂದು ಗಣಪತಿ ಎದ್ರಿಗೆ ಅವ್ನೇ ಒಡೀಲಿ, ಅಂತ ಬರಿ.’