ಈಜುಕೊಳದ ಕೆಳಗಿನ ಪಂಪ್ ಕೋಣೆ

ಕೆಲಸಗಾರರ ಸುರಕ್ಷತೆಯ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ಈಜುಕೊಳವೆಂದರೆ ಜನ ಆಡಿ ನಲಿಯುವ ಜಾಗ, ಕಾರ್ಖಾನೆಯಲ್ಲ, ಅಲ್ಲಿ ಆದದ್ದಕ್ಕೂ ನಮಗೂ ಸಂಬಂಧವಿಲ್ಲ ಎಂದು ನಿಮ್ಮ ಕಚೇರಿಯವರು ನನ್ನನ್ನು ವಾಪಸ್ ಕಳುಹಿಸಿದರು. ಒಪ್ಪಿದೆ. ಹಾಗಾದರೆ ಹತ್ತೊಂಬತ್ತರ ನನ್ನ ಮಗಳು ಅಲ್ಲಿ ಶ್ವಾಸಕೋಶ ಸುಟ್ಟುಕೊಂಡದ್ದು ಆಡಿ ನಲಿಯುವಾಗಲೋ?

ಅವಳು ಅಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದಳು. ನೀರು ಕಂಡರೆ ಕಿರುಚಿಕೊಳ್ಳುವ ಮಗುವನ್ನೂ ಮಾತಾಡಿಸುತ್ತಲೇ ಕೊಳಕ್ಕೆ ಇಳಿಸಿಬಿಡುತ್ತಿದ್ದಳು. ಮನೆಗೆ ಬಂದು ಆ ಪುಟಾಣಿಗಳ ನಕಲು ಮಾಡಿ ನನ್ನನ್ನೂ ಅವರಪ್ಪನನ್ನೂ ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದಳು.

ನೀರು ಶುದ್ಧ ಮಾಡುವ ಪಂಪ್ ಕೋಣೆ ಕೊಳದ ಕೆಳಗಿದೆ. ಕಿಟಕಿಯಿಲ್ಲ. ಇರುವ ಒಂದು ಫ್ಯಾನ್ ತುಕ್ಕು ಹಿಡಿದು ನಿಂತಿದೆ. ಕ್ಲೋರಿನ್ ದ್ರಾವಣ, ಆಸಿಡ್ ಎರಡೂ ಒಂದೇ ಥರದ ನೀಲಿ ಕ್ಯಾನುಗಳಲ್ಲಿ ಅಕ್ಕಪಕ್ಕ ಕೂತಿವೆ. ಮೇಲಿನ ಚೀಟಿಗಳು ತೇವಕ್ಕೆ ಎಂದೋ ಕಿತ್ತುಹೋಗಿವೆ. ಇದನ್ನೆಲ್ಲ ನೋಡಿಕೊಳ್ಳುತ್ತಿದ್ದ ಆಪರೇಟರ್ ಕೆಲಸ ಬಿಟ್ಟಾಗ ಮ್ಯಾನೇಜರ್ ನನ್ನ ಮಗಳನ್ನು ಕರೆದರು.

"ಬೇರೆಯವರು ಸಿಗೋವರೆಗೂ ನೀನೇ ಸ್ವಲ್ಪ ನೋಡ್ಕೋಮ್ಮ. ಎರಡು ಕ್ಯಾನು, ಎರಡು ಟ್ಯಾಂಕು. ಅಡುಗೆ ಮಾಡೋಕೆ ಬರೋರಿಗೆ ಇದೇನು ಮಹಾ?"

ಅವಳಿಗೆ ಸಿಕ್ಕ ತರಬೇತಿ ಇದಿಷ್ಟೇ. ಮಾಸ್ಕ್ ಕೇಳಿದ್ದಕ್ಕೆ, ಆರ್ಡರ್ ಮಾಡಿದ್ದೇನೆ ಎಂದರಂತೆ. ಆ ಮಾಸ್ಕ್ ಈಗಲೂ ಬರುತ್ತಲೇ ಇದೆ.

"ಆಗಲ್ಲ ಅಂದ್ಬಿಡೇ," ಎಂದೆ ನಾನು.

"ಹೊಸಬಳು ಹಾಗಂದ್ರೆ ಕ್ಲಾಸೂ ಕಿತ್ಕೋತಾರಮ್ಮ," ಎಂದಳು.

ಆ ವಯಸ್ಸಿನ ಮಕ್ಕಳಿಗೆ 'ಆಗಲ್ಲ' ಎನ್ನಲು ಬಾಯಿ ಬರುವುದಿಲ್ಲ ಎಂಬುದು ಮ್ಯಾನೇಜರಿಗೆ ಚೆನ್ನಾಗಿ ಗೊತ್ತು. ಇಷ್ಟು ದೊಡ್ಡ ಕುರ್ಚಿಯಲ್ಲಿ ಕೂತ ನಿಮಗೆ ಗೊತ್ತಿಲ್ಲವೇ?

ಒಂದು ಸಂಜೆ ಕ್ಲೋರಿನ್ ಟ್ಯಾಂಕಿಗೆ ಆಸಿಡ್ ಬಿತ್ತು. ಹಳದಿ ಮಿಶ್ರಿತ ಹಸಿರು ಹೊಗೆ ಎದ್ದಿತು. ಉಸಿರು ಕಟ್ಟಿ, ಗೋಡೆ ತಡವಿಕೊಂಡು ಮೆಟ್ಟಿಲು ಹತ್ತಿದಳು. ಹಾಗೇ ಹೊರಗೆ ಓಡಬಹುದಿತ್ತು. ಆದರೆ ಕೊಳದಲ್ಲಿ ಮಕ್ಕಳಿದ್ದರು, ಹೊಗೆ ಅವಳ ಬೆನ್ನ ಹಿಂದೆಯೇ ಏರಿ ಬರುತ್ತಿತ್ತು. ಮತ್ತೆ ಕೆಳಗಿಳಿದು ಪಂಪ್ ಕೋಣೆಯ ಬಾಗಿಲು ಎಳೆದು ಹಾಕಿ ಬಂದಳು. ಕುಸಿದು ಬೀಳುವ ತನಕ ಸೀಟಿ ಊದಿದಳು. ಮಕ್ಕಳೆಲ್ಲ ಹೊರಗೆ ಬಂದರು. ಒಬ್ಬರಿಗೂ ಏನೂ ಆಗಲಿಲ್ಲ.

ಆಸ್ಪತ್ರೆಗೆ ಬಂದ ಮ್ಯಾನೇಜರ್, "ನೋಡ್ಕೊಂಡು ಸುರೀಬೇಕಿತ್ತಲ್ವಾ ಮೇಡಂ," ಎಂದು ನನಗೇ ಬುದ್ಧಿ ಹೇಳಿದರು. ಕ್ರೀಡಾ ಕಚೇರಿಗೆ ಹೋದೆ. ಅವಳು ಕೆಲಸಗಾರ್ತಿ, ಕಾರ್ಮಿಕರ ಕಡೆಯವರನ್ನು ಕೇಳಿ ಎಂದರು. ನಿಮ್ಮಲ್ಲಿಗೆ ಬಂದೆ. ಅದು ಕ್ರೀಡೆ, ಅವರನ್ನೇ ಕೇಳಿ ಎಂದರು. ಇಬ್ಬರೂ ಬಹಳ ಮರ್ಯಾದೆಯಿಂದಲೇ ಮಾತಾಡಿದರು. ಕೂರಲು ಕುರ್ಚಿಯನ್ನೂ ಕೊಟ್ಟರು.

ನಮ್ಮ ಮನೆ ಎರಡನೇ ಮಹಡಿಯಲ್ಲಿದೆ. ಅವಳು ನಡುವೆ ಕೂತು ಸುಧಾರಿಸಿಕೊಳ್ಳಲೆಂದು ಪಕ್ಕದ ಮನೆಯವರು ಮೆಟ್ಟಿಲ ತಿರುವಿನಲ್ಲಿ ಸ್ಟೂಲ್ ಇಟ್ಟಿದ್ದಾರೆ. ನಕ್ಕರೆ ಕೆಮ್ಮು ಬರುತ್ತದೆ, ಬಂದರೆ ನಿಲ್ಲುವುದಿಲ್ಲ. ಅದಕ್ಕೇ ಅವರಪ್ಪ ಮನೆಯಲ್ಲಿ ತಮಾಷೆ ಮಾಡುವುದನ್ನೇ ಬಿಟ್ಟಿದ್ದಾರೆ.

ಮೊನ್ನೆ ಅವಳ ಬಟ್ಟೆಬರೆ ತರಲು ಈಜುಕೊಳಕ್ಕೆ ಹೋಗಿದ್ದೆ. ಹುಡುಗನೊಬ್ಬ ನೀಲಿ ಕ್ಯಾನ್ ಹಿಡಿದು ಮೆಟ್ಟಿಲು ಇಳಿಯುತ್ತಿದ್ದ. ಮೂಗಿಗೆ ಒದ್ದೆ ಟವೆಲು. ನಿಲ್ಲಿಸಿ, "ಇಲ್ಲಿ ಏನಾಯ್ತು ಅಂತ ಗೊತ್ತೇನಪ್ಪ?" ಎಂದೆ.

"ಗೊತ್ತು ಆಂಟಿ. ಆ ಅಕ್ಕ ಸರಿಯಾಗಿ ನೋಡ್ಕೊಂಡಿರ್ಲಿಲ್ವಂತೆ. ನಾನು ಹುಷಾರಾಗಿರ್ತೀನಿ ಬಿಡಿ."

ಆ ಅಕ್ಕನ ತಾಯಿ ನಾನು ಎನ್ನದೆ, "ಇಳೀಬೇಡಪ್ಪ," ಎಂದಷ್ಟೇ ಅಂದೆ. ಅವನು ನಕ್ಕು ಕೆಳಗಿಳಿದು ಹೋದ.

ಮಾನ್ಯರೇ, ಮಗಳಿಗೆ ನ್ಯಾಯ ಕೊಡಿ ಎಂದು ಕೇಳುವ ತ್ರಾಣ ನನ್ನಲ್ಲಿ ಉಳಿದಿಲ್ಲ. ಕೇಳುವುದು ಇಷ್ಟೇ: ಆ ಜಾಗ ಯಾರಿಗೆ ಸೇರಿದ್ದೆಂಬ ಚರ್ಚೆಯನ್ನು ಆಮೇಲೆ ಮುಗಿಸಿಕೊಳ್ಳಿ. ಮುಂಚೆ ಹೇಳಿಕಳಿಸದೆ ಬನ್ನಿ, ಆ ಮೆಟ್ಟಿಲು ಇಳಿದು ಒಮ್ಮೆ ಉಸಿರಾಡಿ ನೋಡಿ, ಅವನನ್ನು ಮೇಲಕ್ಕೆ ಕರೆದುಕೊಂಡು ಬನ್ನಿ. ನನ್ನ ಮಾತನ್ನು ಅವನು ಕೇಳಲಿಲ್ಲ. ನಿಮ್ಮದನ್ನು ಕೇಳುತ್ತಾನೆ.

ಇಂತಿ,
ಆ ಹುಡುಗನ ಕೈಯಿಂದ ಕ್ಯಾನ್ ಕಿತ್ತುಕೊಳ್ಳಲಾಗದೆ ಸುಮ್ಮನೆ ಮನೆಗೆ ಬಂದ ಒಬ್ಬ ತಾಯಿ